ನೀರು ಬಿಡಲೋ ಬೇಡವೋ: ಒಂದು ಆ್ಯಪನ್ನು ಕೆಡವಿ ಕಟ್ಟಿದ ಲಾಗ್

ನಮ್ಮ ನೀರಾವರಿ ಆ್ಯಪಿನ ಮೊದಲ ಆವೃತ್ತಿಯನ್ನು ಹನ್ನೆರಡು ಮಂದಿ ಟೊಮೆಟೊ ಬೆಳೆಗಾರರಿಗೆ ಕೊಟ್ಟು ಮೂರನೇ ವಾರ ಸರ್ವರ್ ಲಾಗ್ ತೆರೆದು ನೋಡಿದೆ. ಒಂಬತ್ತು ಮಂದಿ ನಾಲ್ಕನೇ ದಿನದಿಂದ ಆಚೆಗೆ ಆ್ಯಪ್ ಮುಟ್ಟಿರಲಿಲ್ಲ. ಇಬ್ಬರು ಆಗೊಮ್ಮೆ ಈಗೊಮ್ಮೆ ಇಣುಕಿದ್ದರು. ದಿನಾ ತಪ್ಪದೆ ತೆರೆದವರು ಒಬ್ಬರೇ. ಹಿಗ್ಗಿ ಹೋಗಿ ಅವರಿಗೆ ಫೋನ್ ಮಾಡಿದೆ. ತೆರೆಯುತ್ತಿದ್ದುದು ಅವರ ಮಗನಂತೆ, ಅದೂ ಮಳೆ ಬರುತ್ತಾ ಅಂತ ನೋಡೋದಕ್ಕೆ.

ಆ್ಯಪಿನ ಕೆಲಸ ಸರಳ. ಹನಿ ನೀರಾವರಿಯ ತೋಟಕ್ಕೆ ಇವತ್ತು ನೀರು ಬಿಡಬೇಕೇ, ಬಿಟ್ಟರೆ ಎಷ್ಟು ಎಂದು ಹೇಳುವುದು. ಲೆಕ್ಕಕ್ಕೆ ಹಿಡಿದದ್ದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) 1998ರಲ್ಲಿ ಹೊರತಂದ 56ನೇ ನೀರಾವರಿ ಕೈಪಿಡಿಯ ದಾರಿ. ಬಿಸಿಲು, ಗಾಳಿ, ತೇವ ನೋಡಿ ಆ ದಿನ ಎಷ್ಟು ಮಿಲಿಮೀಟರ್ ನೀರು ಆವಿಯಾಗುತ್ತದೆ ಎಂದು ಮೊದಲು ಲೆಕ್ಕ ಹಾಕಬೇಕು. ಅದನ್ನು ಬೆಳೆಯ ಗುಣಾಂಕದಿಂದ, ಅಂದರೆ ಆ ಬೆಳೆ ಆ ಹಂತದಲ್ಲಿ ಅದರ ಎಷ್ಟು ಪಾಲು ನೀರು ಎಳೆಯುತ್ತದೆ ಎಂಬ ಅಂಕಿಯಿಂದ, ಗುಣಿಸಬೇಕು. ಟೊಮೆಟೊಗೆ ಆರಂಭದಲ್ಲಿ 0.6, ಗಿಡ ತುಂಬಿಕೊಂಡಾಗ 1.15. ಗಾಳಿಯ ವೇಗ, ಆರ್ದ್ರತೆ ಸಿಗದ ಕಡೆ ಹಾರ್ಗ್ರೀವ್ಸ್ ಸೂತ್ರ ಹಾಕಿದೆವು. ಅದಕ್ಕೆ ಗರಿಷ್ಠ, ಕನಿಷ್ಠ ಉಷ್ಣಾಂಶ ಸಾಕು, ಸೂರ್ಯನಿಂದ ಬರುವ ಶಾಖವನ್ನು ಅಕ್ಷಾಂಶ ಮತ್ತು ತಾರೀಖಿನಿಂದಲೇ ಲೆಕ್ಕ ಹಾಕಬಹುದು. ಉಳಿದದ್ದು ಬ್ಯಾಂಕಿನ ಪಾಸ್‌ಬುಕ್ ಇದ್ದಂತೆ. ಬೇರಿನ ಆಳದಷ್ಟು ಮಣ್ಣು ಒಂದು ಖಾತೆ. ಮಳೆ ಮತ್ತು ನೀರಾವರಿ ಜಮೆ, ಗಿಡ ಕುಡಿದದ್ದು ಖರ್ಚು.

ಉದಾಹರಣೆಗೆ, ಒಂದು ಮೀಟರ್ ಆಳದ ಮಣ್ಣು 150 ಮಿ.ಮೀ. ಬಳಕೆಯ ನೀರು ಹಿಡಿಯುತ್ತದೆ ಎಂದುಕೊಳ್ಳಿ. ಬೇರು 0.7 ಮೀಟರ್ ಇಳಿದಿದ್ದರೆ ಖಾತೆಯಲ್ಲಿರುವುದು 105 ಮಿ.ಮೀ. ಟೊಮೆಟೊ ಗಿಡ ಅದರ ಶೇ 40ರಷ್ಟನ್ನು, ಅಂದರೆ 42 ಮಿ.ಮೀ.ಯನ್ನು, ಒದ್ದಾಡದೆ ಎಳೆದುಕೊಳ್ಳುತ್ತದೆ. ದಿನಕ್ಕೆ 5 ಮಿ.ಮೀ. ಖರ್ಚಾದರೆ ಎಂಟು ದಿನ ತಡೆಯುತ್ತದೆ. ಪೈಥಾನಿನಲ್ಲಿ ಇನ್ನೂರು ಸಾಲಿನ ಕೋಡ್, ಅಂಕಿಗಳನ್ನು ಇಡಲು ಒಂದು ಎಸ್‌ಕ್ಯೂಲೈಟ್ ಕಡತ. ಕೈಪಿಡಿಯ ಮಾದರಿ ಲೆಕ್ಕಗಳಿಗೆ ಹೋಲಿಸಿ ನೋಡಿದೆವು, ಎಲ್ಲ ಸರಿ ಹೊಂದಿತು. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಇಂದಿನ ನೀರಿನ ಅಗತ್ಯ: 5.2 ಮಿ.ಮೀ.’ ಎಂದು ತೋರಿಸಿ ಬೀಗಿದೆವು.

ಲಾಗ್ ನೋಡಿದ ಮಾರನೇ ದಿನ ಲ್ಯಾಪ್‌ಟಾಪ್ ಆಫೀಸಿನಲ್ಲೇ ಬಿಟ್ಟು ತೋಟಕ್ಕೆ ಹೊರಟೆವು. ನಾನು, ಪರದೆಗಳನ್ನು ವಿನ್ಯಾಸ ಮಾಡುವ ಸಹೋದ್ಯೋಗಿ, ಒಂದು ನೋಟ್‌ಬುಕ್.

ಮೊದಲನೇ ತೋಟದ ಹಿರಿಯರು ಫೋನ್ ಕೈಗೆ ತೆಗೆದುಕೊಂಡು ಕಣ್ಣು ಕಿರಿದು ಮಾಡಿ ನೋಡಿದರು. ಬಿಸಿಲಿಗೆ ಪರದೆ ಕಾಣಿಸುತ್ತಿರಲಿಲ್ಲ. ತಿಳಿ ಹಸಿರಿನ ಮೇಲೆ ಬಿಳಿ ಅಕ್ಷರ ನಮ್ಮದೇ ಕೆಲಸ. ಕೈ ಮರೆ ಮಾಡಿ ಓದಿ ಕೇಳಿದರು: “ಐದು ಪಾಯಿಂಟ್ ಎರಡು ಮಿಲಿಮೀಟರ್. ಸರಿ. ಅಂದ್ರೆ ಮೋಟರು ಎಷ್ಟೊತ್ತು ಓಡ್ಬೇಕು?”

ಒಂದು ಮಿ.ಮೀ. ಅಂದರೆ ಚದರ ಮೀಟರಿಗೆ ಒಂದು ಲೀಟರ್ ಎಂದು ವಿವರಿಸಲು ಬಾಯಿ ತೆರೆದವನು ಮುಚ್ಚಿಕೊಂಡೆ. ಅವರು ಕೇಳಿದ್ದು ಪಾಠವನ್ನಲ್ಲ, ನಿಮಿಷವನ್ನು.

ಆ ನಿಮಿಷ ಹುಡುಕಲು ಹೊರಟಾಗಲೇ ಮಾದರಿಯ ದೊಡ್ಡ ತಪ್ಪು ಸಿಕ್ಕಿದ್ದು. ಕಾಗದದ ಮೇಲೆ ಲೆಕ್ಕ ಸುಲಭ. ಡ್ರಿಪ್ಪರ್ ಗಂಟೆಗೆ 4 ಲೀಟರಿನದು, 40 ಸೆಂ.ಮೀ.ಗೊಂದು, ಡ್ರಿಪ್ಪರ್ ಕೂತಿರುವ ಸಣ್ಣ ಪೈಪುಗಳ (ಲ್ಯಾಟರಲ್) ನಡುವೆ 1.2 ಮೀಟರ್. ಒಂದು ಡ್ರಿಪ್ಪರಿನ ಪಾಲಿಗೆ ಬರುವ ಜಾಗ 0.48 ಚದರ ಮೀಟರ್, ಅಂದರೆ ಗಂಟೆಗೆ ಸುಮಾರು 8.3 ಮಿ.ಮೀ. ಐದು ಮಿ.ಮೀ.ಗೆ 36 ನಿಮಿಷ. ಹಿರಿಯರು ನಕ್ಕರು. “ಮೂವತ್ತಾರು ನಿಮಿಷ ಬಿಟ್ರೆ ಆ ತುದಿ ಗಿಡ ನಾಳೆಗೆ ಬಾಡುತ್ತೆ. ಹೋಗಿ ನೋಡಿ.” ಅಳತೆಯ ಜಾಡಿ ಹಿಡಿದು ತುದಿಗೆ ಹೋದೆವು. ಡ್ರಿಪ್ಪರ್ ಕೆಳಗೆ ಸರಿಯಾಗಿ ಒಂದು ನಿಮಿಷ ಹಿಡಿದರೆ 67 ಮಿಲಿಲೀಟರ್ ಬರಬೇಕಿತ್ತು, ಬಂದದ್ದು 45. ಉಪ್ಪು ಕಟ್ಟಿ ಬಾಯಿ ಅರ್ಧ ಮುಚ್ಚಿತ್ತು, ಒತ್ತಡವೂ ಕಡಿಮೆ. ಗಂಟೆಗೆ 2.7 ಲೀಟರ್. ಅದೇ ಐದು ಮಿ.ಮೀ.ಗೆ ಅಲ್ಲಿ 53 ನಿಮಿಷ ಬೇಕು.

ಆವಿಯ ಲೆಕ್ಕದಲ್ಲಿ ದಶಮಾಂಶ ತಿದ್ದುತ್ತಾ ನಾವು ಎರಡು ತಿಂಗಳು ಕೂತಿದ್ದೆವು. ಇಲ್ಲಿ ಒಂದು ಪೈಪಿನ ತುದಿಯಲ್ಲಿ ಮೂರನೇ ಒಂದು ಭಾಗ ನೀರೇ ಬರುತ್ತಿರಲಿಲ್ಲ. ಈಗ ಆ್ಯಪ್ ಹಾಕಿಕೊಂಡ ಮೊದಲ ದಿನ ಅದು ಹವಾಮಾನದ ಮಾತೇ ಎತ್ತುವುದಿಲ್ಲ. ‘ಹದಿನಾರು ಡ್ರಿಪ್ಪರ್ ಆರಿಸಿಕೊಳ್ಳಿ, ಒಂದೊಂದರ ಕೆಳಗೆ ಒಂದು ನಿಮಿಷ ನೀರು ಹಿಡಿದು ಬರೆಯಿರಿ’ ಎನ್ನುತ್ತದೆ. ತೀರಾ ಕಡಿಮೆ ಸುರಿಯುವ ನಾಲ್ಕರ ಸರಾಸರಿಯನ್ನು ಒಟ್ಟು ಸರಾಸರಿಗೆ ಹೋಲಿಸುತ್ತದೆ. ಅಂತರ ಜಾಸ್ತಿ ಇದ್ದರೆ ಮೊದಲು ಫಿಲ್ಟರ್ ತೊಳೆಯಿರಿ, ಲ್ಯಾಟರಲ್ ತುದಿ ಬಿಚ್ಚಿ ನೀರು ಹಾಯಿಸಿ ಎಂದು ಹೇಳಿ ಸುಮ್ಮನಾಗುತ್ತದೆ. ನೀರು ಎಷ್ಟು ಬಿಡಬೇಕೆಂಬ ಸಲಹೆ ಅದಾದ ಮೇಲೆ.

ರಟ್ಟಿನ ಫೋನು

ಎರಡನೇ ಆವೃತ್ತಿಗೆ ಕೋಡ್ ಬರೆಯುವ ಮೊದಲು ರಟ್ಟು ಕತ್ತರಿಸಿದೆವು. ಈ ಉಪಾಯ ನಮ್ಮದಲ್ಲ. 1981ರಿಂದ 85ರವರೆಗೆ ಸ್ವೀಡನ್ ಮತ್ತು ಡೆನ್ಮಾರ್ಕಿನ ಸಂಶೋಧಕರು ಪತ್ರಿಕಾ ಮುದ್ರಣದ ಕೆಲಸಗಾರರ ಜೊತೆ ಕೂತು ‘ಯುಟೋಪಿಯಾ’ ಎಂಬ ಯೋಜನೆ ನಡೆಸಿದರು. ಆಗಿನ್ನೂ ಕೈಗೆ ಸಿಗದ ಯಂತ್ರಗಳ ಜಾಗದಲ್ಲಿ ಖಾಲಿ ಪೆಟ್ಟಿಗೆ ಇಟ್ಟರು. ರಟ್ಟಿನ ಡಬ್ಬದ ಮೇಲೆ ‘ಲೇಸರ್ ಪ್ರಿಂಟರ್’ ಎಂದು ಬರೆದು, ಅದು ಇದೆ ಎಂದುಕೊಂಡೇ ಕೆಲಸ ಮಾಡಿ ನೋಡಿದರು. ರಟ್ಟಿನದಾದರೆ ಯಾರು ಬೇಕಾದರೂ ಧೈರ್ಯವಾಗಿ ಹರಿಯಬಹುದು, ಗೀಚಬಹುದು. ಹೊಳೆಯುವ ಪರದೆ ಎದುರಿಗಿಟ್ಟರೆ ಜನ ‘ಚೆನ್ನಾಗಿದೆ ಸರ್’ ಎಂದು ಎದ್ದು ಹೋಗುತ್ತಾರೆ.

ಅದೂ ಅನುಭವದ ಮಾತೇ. ಮೊದಲ ಸಭೆಯಲ್ಲಿ ನಾನು ಕೇಳಿದ ಪ್ರಶ್ನೆ, ‘ಇದು ನಿಮಗೆ ಉಪಯೋಗ ಆಗುತ್ತಾ?’ ಹನ್ನೆರಡು ಜನವೂ ಆಗುತ್ತೆ ಎಂದಿದ್ದರು. ಮನೆ ಬಾಗಿಲಿಗೆ ಬಂದವನ ಮುಖಕ್ಕೆ ಹೊಡೆದಂತೆ ಇಲ್ಲ ಎನ್ನುವವರು ಯಾರು? ಆಮೇಲೆ ಪ್ರಶ್ನೆ ಬದಲಾಯಿಸಿದೆವು: “ಹೋದ ಸಲ ನೀರು ಬಿಟ್ರಲ್ಲ, ಅವತ್ತೇ ಯಾಕೆ ಬಿಟ್ರಿ? ಹಿಂದಿನ ದಿನ ಯಾಕೆ ಬಿಡ್ಲಿಲ್ಲ?” ಉತ್ತರಗಳು ನಮ್ಮ ಸೂತ್ರದ ಹತ್ತಿರವೂ ಸುಳಿಯಲಿಲ್ಲ. ಮಾರನೇ ದಿನ ಔಷಧಿ ಹೊಡೆಯುವುದಿತ್ತು, ಸಾಲಿನಲ್ಲಿ ಕೆಸರು ಬೇಡವಾಗಿತ್ತು. ಕೊಯ್ಲಿಗೆ ಎರಡು ದಿನ ಇತ್ತು. ಬಾವಿಯಲ್ಲಿ ನೀರು ಊರುವುದಕ್ಕೆ ಬಿಟ್ಟಿದ್ದರು. ಮೋಟರು ಕೆಟ್ಟಿತ್ತು. ಒಬ್ಬರು ಮಾತ್ರ, “ಗಿಡ ಕೇಳ್ತಾ ಇತ್ತು” ಎಂದರು. ಮಧ್ಯಾಹ್ನ ಎಲೆ ಜೋತುಬಿದ್ದರೆ ಲೆಕ್ಕಕ್ಕಿಲ್ಲವಂತೆ. ಸಂಜೆ ಆದರೂ ಎದ್ದುಕೊಳ್ಳದಿದ್ದರೆ ಕೇಳ್ತಾ ಇದೆ ಅಂತ ಅರ್ಥ.

ಇನ್ನೊಂದು ಸಂಗತಿ ಕಾಗದದ ಮೇಲೆ ಬರಲೇ ಇಲ್ಲ, ಕಣ್ಣಾರೆ ನೋಡಿದ್ದಕ್ಕೆ ತಿಳಿಯಿತು. ಸಭೆಗೆ ನಾವು ಕರೆದದ್ದು ಜಮೀನಿನ ಯಜಮಾನರನ್ನು, ಆ್ಯಪ್ ಹಾಕಿದ್ದು ಅವರ ಫೋನಿಗೆ. ವಾಲ್ವ್ ತಿರುಗಿಸುತ್ತಿದ್ದವರು ಬೇರೆ. ನಾಲ್ಕು ಕಡೆ ಮನೆಯ ಹೆಂಗಸರು, ಮೂರು ಕಡೆ ಕೆಲಸದವರು. ನಮ್ಮ ಸಲಹೆ ಫೋನಿನಲ್ಲಿ ಕೂತಿತ್ತು, ಫೋನು ಯಜಮಾನರ ಜೇಬಿನಲ್ಲಿ, ಯಜಮಾನರು ಮಾರುಕಟ್ಟೆಯಲ್ಲಿ. ಎರಡನೇ ಸುತ್ತಿಗೆ ವಾಲ್ವಿನ ಮೇಲೆ ಕೈಯಿಡುವವರನ್ನೇ ಬೇರೆಯಾಗಿ ಕೂರಿಸಿ ಮಾತಾಡಿದೆವು. ಹೊತ್ತಿನ ವಿಷಯ ಎತ್ತಿದ್ದು ಅವರೇ. “ಬೆಳಿಗ್ಗೆ ಏಳಕ್ಕೆ ನಿಮ್ಮ ಮೆಸೇಜ್ ಬರೋ ಹೊತ್ತಿಗೆ ನಾವು ನೀರು ಬಿಟ್ಟು, ನಿಲ್ಲಿಸಿ, ಬೇರೆ ಕೆಲಸಕ್ಕೆ ಹೋಗಿರ್ತೀವಿ.” ಸಂದೇಶವನ್ನು ಹಿಂದಿನ ಸಂಜೆಗೆ ತಂದೆವು. ಯಾವ ಕೆಲಸ ಎಷ್ಟು ಹೊತ್ತಿಗೆ ಎಂದು ಸರ್ವರಿಗೆ ಹೇಳುವ ಕ್ರಾನ್ ಕಡತದಲ್ಲಿ ಒಂದು ಅಂಕಿ ಬದಲಾಯಿಸುವ ಕೆಲಸ ಅಷ್ಟೇ. ಇಡೀ ಯೋಜನೆಯಲ್ಲಿ ಅದಕ್ಕಿಂತ ಹೆಚ್ಚು ಫಲ ಕೊಟ್ಟ ತಿದ್ದುಪಡಿ ಇನ್ನೊಂದಿಲ್ಲ.

ಸೆನ್ಸರ್ ತೆಗೆದದ್ದು, ಉಂಡೆ ಹಾಕಿದ್ದು

ಮಣ್ಣಿನ ತೇವಕ್ಕೆ ಕೆಪಾಸಿಟಿವ್ ಸೆನ್ಸರ್ ನೆಟ್ಟಿದ್ದೆವು. ಅಗ್ಗದ ಮಾದರಿ, ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿದ್ದು. ಒಣ ಗಾಳಿಯಲ್ಲೊಂದು, ನೀರಲ್ಲಿ ಅದ್ದಿ ಒಂದು ಅಂಕಿ ತೆಗೆದು, ನಡುವೆ ಸರಳರೇಖೆ ಎಳೆದಿದ್ದೆವು. ಎರಡು ಯಡವಟ್ಟು. ಈ ಸೆನ್ಸರ್ ಪಟ್ಟಿಗಳ ಕತ್ತರಿಸಿದ ಅಂಚಿಗೆ ಲೇಪ ಇರುವುದಿಲ್ಲ. ಅಲ್ಲಿಂದ ತೇವ ಒಳಗೆ ಏರಿ ಅಂಕಿ ತಾನೇ ತಾನಾಗಿ ಜಾರುತ್ತದೆ. ಅಂಚಿಗೆ ಎಪಾಕ್ಸಿ ಬಳಿದ ಮೇಲೆ ಅದು ನಿಂತಿತು. ಎರಡನೆಯದು ನಿಲ್ಲಲಿಲ್ಲ. ಡ್ರಿಪ್ಪರಿನ ಕೆಳಗೇ ನೆಟ್ಟರೆ ತೋಟವೆಲ್ಲ ಕೆಸರು ಎನ್ನುತ್ತದೆ, ಒಂದು ಗೇಣು ಆಚೆ ನೆಟ್ಟರೆ ಬರಗಾಲ ಎನ್ನುತ್ತದೆ. ಒಂದು ಚುಕ್ಕೆಯ ತೇವ ಇಡೀ ತೋಟದ ತೇವ ಅಲ್ಲ.

ಇದರ ಜೊತೆ ನಾನು ಗುದ್ದಾಡುತ್ತಿದ್ದಾಗ ಪಕ್ಕದಲ್ಲಿದ್ದ ಹೆಂಗಸು ಗುದ್ದಲಿಯಿಂದ ಎರಡು ಕಡೆ ಮಣ್ಣು ಎತ್ತಿ, ಮುಷ್ಟಿಯಲ್ಲಿ ಒತ್ತಿ, ಅಂಗೈ ಬಿಚ್ಚಿ ತೋರಿಸಿದರು. “ಉಂಡೆ ಕಟ್ತು, ಕೈಗೆ ಅಂಟ್ಲಿಲ್ಲ. ಹದ ಐತೆ. ನಾಳಿದ್ದು ನೋಡಣ.” ಐದು ಸೆಕೆಂಡಿನ ಕೆಲಸ.

ಇದು ಬರೀ ಅಂದಾಜಲ್ಲ. ಅಮೆರಿಕದ ಕೃಷಿ ಇಲಾಖೆಯೇ ಈ ಕ್ರಮವನ್ನು, ಯಾವ ಬಗೆಯ ಮಣ್ಣು ಎಷ್ಟು ತೇವದಲ್ಲಿ ಹೇಗೆ ಉಂಡೆ ಕಟ್ಟುತ್ತದೆ ಎಂಬ ಚಿತ್ರಗಳ ಸಮೇತ, ಹಂತ ಹಂತವಾಗಿ ಅಚ್ಚು ಹಾಕಿದೆ. ಸೆನ್ಸರ್ ಕಿತ್ತು ಆ್ಯಪಿನಲ್ಲಿ ನಾಲ್ಕು ಫೋಟೊ ಹಾಕಿದೆವು: ಪುಡಿಪುಡಿ, ಕಟ್ಟಿ ಒಡೆಯುವ ಉಂಡೆ, ಗಟ್ಟಿ ಉಂಡೆ, ಅಂಗೈ ಮೇಲೆ ಒದ್ದೆ ಗುರುತು ಬಿಡುವ ಉಂಡೆ. ಹೆಸರು ಅವರ ಬಾಯಲ್ಲಿದ್ದವೇ: ಒಣಗಿದೆ, ಹದ ಆರುತ್ತಿದೆ, ಹದ ಇದೆ, ಹಸಿ ಹೆಚ್ಚು. ‘ಮಣ್ಣಿನ ತೇವಾಂಶ ಶೇ 23’ ಎಂಬ ಸಾಲು ಪರದೆಯಿಂದ ಮಾಯವಾಯಿತು.

ಕೋಡಿನಲ್ಲಿ ಅದನ್ನು ಬಳಸುವುದು ಹೀಗೆ. ಪಾಸ್‌ಬುಕ್ಕಿನ ಪ್ರಕಾರ 60 ಮಿ.ಮೀ. ಖರ್ಚಾಗಿದೆ, ಕೈ ಮಾತ್ರ ‘ಹದ ಇದೆ’ ಎನ್ನುತ್ತದೆ. ‘ಹದ ಇದೆ’ ಎನ್ನುವ ಹಂತದಲ್ಲಿ ಖರ್ಚಿನ ಮೇರೆ ಸುಮಾರು 52 ಮಿ.ಮೀ. ಆಗ ಲೆಕ್ಕವನ್ನು ಮೇರೆಯ ಕಡೆಗೆ ಅರ್ಧ ದೂರ ಎಳೆಯುತ್ತೇವೆ, 56ಕ್ಕೆ. ಪೂರ್ತಿ ಎಳೆಯುವುದಿಲ್ಲ, ಯಾಕೆಂದರೆ ಒಂದೇ ಜಾಗದ ಮಣ್ಣು ನೋಡಿರಬಹುದು. ಬಿಟ್ಟುಬಿಡುವುದೂ ಇಲ್ಲ. ಮೂರು ಸಲ ಒಂದೇ ದಿಕ್ಕಿಗೆ ಎಳೆಯಬೇಕಾಗಿ ಬಂದರೆ ನಮ್ಮ ಗುಣಾಂಕವೇ ತಪ್ಪು ಎಂದು ನನಗೆ ಮಿಂಚಂಚೆ ಬರುತ್ತದೆ.

ಹಾಗೆ ಬಂದ ಮೊದಲ ಮಿಂಚಂಚೆಯಿಂದಲೇ ಒಂದು ಬಗ್ ಸಿಕ್ಕಿತು. ನಾಟಿ ದಿನ ಕೇಳಿ, ಅಲ್ಲಿಂದ ದಿನ ಎಣಿಸಿ ಬೆಳೆಯ ಹಂತ ಲೆಕ್ಕ ಹಾಕುತ್ತಿದ್ದೆವು. ಆ ತೋಟದಲ್ಲಿ ಅರ್ಧ ಸಸಿ ಸತ್ತು ಎರಡು ವಾರ ತಡವಾಗಿ ಮರುನಾಟಿ ಆಗಿತ್ತು. ಆ್ಯಪಿನ ಕಣ್ಣಿಗೆ ತುಂಬಿದ ತೋಟ, ನೆಲದಲ್ಲಿ ಎಳೆ ಸಸಿ. ಈಗ ದಿನ ಎಣಿಸುವುದಿಲ್ಲ. ‘ಎಲೆ ನೆಲವನ್ನು ಎಷ್ಟು ಮುಚ್ಚಿದೆ?’ ಎಂದು ಮೇಲಿನಿಂದ ತೆಗೆದ ಚಿತ್ರ ತೋರಿಸಿ ಕೇಳುತ್ತೇವೆ. ಕೈಪಿಡಿಯೂ ಮೊದಲ ಹಂತ ಮುಗಿಯುವುದನ್ನು ಸುಮಾರು ಶೇ 10 ನೆಲ ಮುಚ್ಚಿದ್ದರಿಂದಲೇ ಗುರುತಿಸುತ್ತದೆ. ಓದಿದ್ದೆ, ತಾರೀಖಾದರೆ ಡೇಟಾಬೇಸಿಗೆ ಸುಲಭ ಎಂದು ಹಾರಿಸಿದ್ದೆ.

“ಇವತ್ತು ಬಿಡದಿದ್ದರೆ ಏನಾಗುತ್ತೆ?”

ಖಾತೆಯಿಂದ 42 ಮಿ.ಮೀ. ಖರ್ಚಾಗುವವರೆಗೆ ಕಾದು, ಆಮೇಲೆ ಒಮ್ಮೆಲೇ ತುಂಬಿಸಿ ಎಂಬುದು ನಮ್ಮ ಮೂಲ ಸಲಹೆ. ಪುಸ್ತಕದ ಪ್ರಕಾರ ತಪ್ಪಿಲ್ಲ. ಬೆಳೆಗಾರರು ಒಕ್ಕೊರಲಿನಿಂದ ಬೇಡ ಎಂದದ್ದು ಇದನ್ನೇ. ಒಣಗಿಸಿ ಒಮ್ಮೆಲೇ ನೀರು ಕೊಟ್ಟರೆ ಕಾಯಿ ಸೀಳುತ್ತದೆ. ನೀರು ಏರುಪೇರಾದರೆ ಕಾಯಿಗೆ ಸುಣ್ಣದಂಶ ಸರಿಯಾಗಿ ತಲುಪದೆ ಹೂವಿನ ಕಡೆಯ ತುದಿ ಕಪ್ಪಾಗಿ ಕೊಳೆಯುತ್ತದೆ. ಗಿಡ ಒದ್ದಾಡದಿದ್ದರೆ ಸಾಕೆಂದು ನಾವು, ಹಣ್ಣು ಮಾರಾಟವಾಗಬೇಕೆಂದು ಅವರು. ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ಎಂದು ಬದಲಾಯಿಸಿದೆವು.

ನಿಜವಾದ ನಿರ್ಧಾರ ಯಾವುದೆಂದು ರಟ್ಟಿನ ಆಟದಲ್ಲಿ ಬಯಲಾಯಿತು. ನಾನು ಆ್ಯಪ್ ಆಗಿ ಕೂತು ಚೀಟಿ ತೆಗೆದು ತೋರಿಸುತ್ತಿದ್ದೆ. ‘ನಾಳೆ 40 ನಿಮಿಷ’ ಎಂಬ ಚೀಟಿ ಇಟ್ಟರೆ ಎದುರಿಗಿದ್ದವರು ಕೇಳುತ್ತಿದ್ದುದು ಒಂದೇ, “ನಾಳೆ ಬಿಡ್ಲಿಲ್ಲ ಅಂದ್ರೆ?” ಅದಕ್ಕೆ ನನ್ನ ಬಳಿ ಚೀಟಿಯೇ ಇರಲಿಲ್ಲ. ಅಲ್ಲೇ ಕೂತು ಬರೆದೆವು: ‘ನಾಳೆ ಬಿಡದಿದ್ದರೆ ನಾಡಿದ್ದು ಸಂಜೆಗೆ ಹದ ಆರುತ್ತದೆ. ಆಗ 75 ನಿಮಿಷ ಬೇಕು.’ ಆ್ಯಪಿನ ಮುಖಪುಟ ಈಗಲೂ ಹೆಚ್ಚುಕಡಿಮೆ ಆ ಚೀಟಿಯೇ. ಬೆರಳಲ್ಲಿ ದಿನ ಸರಿಸಿದರೆ ಪರಿಣಾಮ ಬದಲಾಗುತ್ತದೆ.

ಇದೇ ದಾರಿಯಲ್ಲಿ ಬೇರೆಯವರು ಮೊದಲೇ ನಡೆದಿದ್ದರು. 1990ರ ದಶಕದಲ್ಲಿ ಈಶಾನ್ಯ ಆಸ್ಟ್ರೇಲಿಯಾದಲ್ಲಿ ‘ಫಾರ್ಮ್‌ಸ್ಕೇಪ್’ ಎಂಬ ಕೆಲಸ ನಡೆಯಿತು. ಸಂಶೋಧಕರ ಕೈಯಲ್ಲಿ ‘ಎಪ್ಸಿಮ್’ ಎಂಬ ಬೆಳೆಯ ಕಂಪ್ಯೂಟರ್ ಮಾದರಿ ಇತ್ತು. ಅದರ ತೀರ್ಪನ್ನು ರೈತರಿಗೆ ಒಪ್ಪಿಸುವ ಬದಲು ಅವರದೇ ಹೊಲದ ಮಣ್ಣು ಕೊರೆದು, ಅವರದೇ ಅಂಕಿ ಹಾಕಿ, ‘ಹೀಗೆ ಮಾಡಿದರೆ ಏನಾಗಬಹುದು’ ಎಂದು ಜೊತೆಗೆ ಕೂತು ಮಾತಾಡಿದರು. ಚರ್ಚೆಗೆ ಸರಕಾಗಿ ಮಾದರಿ ಬೆಲೆ ಬಾಳಿತು, ಅಪ್ಪಣೆಯಾಗಿ ಅಲ್ಲ. ಮುಂದೆ ಅದೇ ಮಾದರಿಯ ಮೇಲೆ ‘ಯೀಲ್ಡ್ ಪ್ರಾಫೆಟ್’ ಎಂಬ ಜಾಲಸೇವೆ ಬಂತು. ಇದನ್ನೆಲ್ಲ ಕೋಡ್ ಬರೆಯುವ ಮೊದಲೇ ಓದಬಹುದಿತ್ತು. ಯಾರು ಓದುತ್ತಾರೆ?

ಮಳೆಯ ಮುನ್ಸೂಚನೆ ಇನ್ನೊಂದು ತಲೆನೋವು. ‘ಮಳೆ ಸಾಧ್ಯತೆ ಶೇ 60’ ಎಂದರೆ ಒಬ್ಬರು ಅರವತ್ತು ಭಾಗ ಜಾಗಕ್ಕೆ ಮಳೆ ಎಂದರು, ಇನ್ನೊಬ್ಬರು ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಎಂದರು. ಅವರೇನೂ ದಡ್ಡರಲ್ಲ. 2005ರಲ್ಲಿ ಆಂಸ್ಟರ್‌ಡ್ಯಾಮ್, ಅಥೆನ್ಸ್, ಬರ್ಲಿನ್, ಮಿಲಾನ್, ನ್ಯೂಯಾರ್ಕ್‌ಗಳಲ್ಲಿ ದಾರಿಹೋಕರನ್ನು ‘ನಾಳೆ ಮಳೆ ಸಾಧ್ಯತೆ ಶೇ 30’ ಎಂದರೇನು ಎಂದು ಕೇಳಿದ ಅಧ್ಯಯನ ಪ್ರಕಟವಾಯಿತು. ಸರಿ ಅರ್ಥ ಹೇಳಿದವರು ಹೆಚ್ಚಿದ್ದುದು ನ್ಯೂಯಾರ್ಕಿನಲ್ಲಿ ಮಾತ್ರ. ನಾವು ಶೇಕಡಾ ಬಿಟ್ಟು ‘ಇಂಥ ಹತ್ತು ದಿನಗಳಲ್ಲಿ ಆರು ದಿನ ಮಳೆ ಬರುತ್ತದೆ, ನಾಲ್ಕು ದಿನ ಕೈಕೊಡುತ್ತದೆ’ ಎಂದು ಬರೆದೆವು. ‘ಕೈಕೊಡುತ್ತದೆ’ ಎಂಬ ಮಾತು ಅವರು ಸೇರಿಸಿದ್ದು.

ಅದಾದ ಮೇಲೂ ಮಳೆ ನಂಬಿ ನೀರು ನಿಲ್ಲಿಸುವವರು ಕಡಿಮೆ. ಮೊದಲು ಇದು ಹಠ ಎಂದುಕೊಂಡಿದ್ದೆ. ಮಳೆ ಬಂದೂ ನೀರು ಬಿಟ್ಟಿದ್ದರೆ ಹೋಗುವುದು ಒಂದಿಷ್ಟು ನೀರು, ಕರೆಂಟು. ಮಳೆ ನಂಬಿ ಬಿಡದೆ, ಅದೂ ಬರದಿದ್ದರೆ ಹೋಗುವುದು ಕಾಯಿ. ನಷ್ಟ ಎರಡು ಕಡೆ ಸಮ ಇಲ್ಲದಾಗ ಅವರು ಮಾಡುವುದೇ ಸರಿ. ನಮ್ಮ ಕೋಡು ಎರಡು ತಪ್ಪಿಗೂ ಒಂದೇ ಬೆಲೆ ಕಟ್ಟಿತ್ತು. ಈಗ ಹತ್ತರಲ್ಲಿ ಎಂಟು ದಾಟಿದರೆ ಮಾತ್ರ ಕಾಯಲು ಹೇಳುತ್ತೇವೆ. ಆ ಎಂಟನ್ನು ಅವರವರೇ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು.

ಕೇಳಿದ್ದೆಲ್ಲ ಹಾಕಲಿಲ್ಲ. ಮಾರುಕಟ್ಟೆ ದರ ಬೇಕೆಂದು ಬಹಳ ಜನ ಒತ್ತಾಯಿಸಿದರು. ಅದು ಬೇರೆ ಕಡೆ ಸಿಗುತ್ತದೆ, ಬೇಡ ಎಂದೆವು. ಕೆಲವರು ಕಾರಣ ಹೇಳಿ ಎಂದರು, ಕೆಲವರು “ಕತೆ ಬೇಡ, ಹೂಂ ಉಹೂಂ ಅಂತ ಹೇಳಿ ಸಾಕು” ಎಂದರು. ಒಂದು ಸಾಲಿನ ಉತ್ತರ, ಕೆಳಗೆ ‘ಯಾಕೆ?’ ಎಂಬ ಗುಂಡಿ. ಗುಂಡಿ ದೊಡ್ಡದು, ಅಂಚಿನಿಂದ ದೂರ. ಒದ್ದೆ ಬೆರಳಿಗೆ ಟಚ್ ಪರದೆ ಅಡ್ಡಾದಿಡ್ಡಿ ಸ್ಪಂದಿಸುತ್ತದೆ ಎಂಬುದು ತೋಟದಲ್ಲಿ ನಿಂತಾಗಲೇ ತಿಳಿದದ್ದು. ನೆಟ್‌ವರ್ಕ್ ಇಲ್ಲದಾಗ ಲೆಕ್ಕ ಫೋನಿನಲ್ಲೇ ನಡೆಯುತ್ತದೆ, ಸಿಕ್ಕಾಗ ಸರ್ವರಿಗೆ ಹೋಗುತ್ತದೆ.

‘ಒಪ್ಪಲ್ಲ’ ಎಂಬ ಇನ್ನೊಂದು ಗುಂಡಿಯನ್ನು ಮೊದಲು ಮೋಜಿಗೆ ಇಟ್ಟಿದ್ದು. ಒತ್ತಿ, ಕಾರಣವನ್ನು ಬಾಯಲ್ಲೇ ಹೇಳಿದರೆ ಧ್ವನಿ ಉಳಿಯುತ್ತದೆ. ಪ್ರತಿ ಶನಿವಾರ ಕೂತು ಅವನ್ನೆಲ್ಲ ಕೇಳುತ್ತೇವೆ. ಔಷಧಿ ಹೊಡೆಯುವ ದಿನ ಗುರುತು ಹಾಕುವ ಸೌಲಭ್ಯ, ಕೊಯ್ಲಿಗೆ ಮುಂಚೆ ನೀರು ತಗ್ಗಿಸುವ ನಿಯಮ, ಎರಡೂ ಹುಟ್ಟಿದ್ದು ಅಲ್ಲಿಂದ.

ಮೂರನೇ ಆವೃತ್ತಿಗೆ ಈಗ ಒಂದು ಬೆಳೆ ಮುಗಿದಿದೆ. ಹನ್ನೆರಡರಲ್ಲಿ ಎಂಟು ಮಂದಿ ಕೊಯ್ಲಿನವರೆಗೂ ಬಳಸಿದರು. ಇಬ್ಬರು ನಡುವೆಯೇ ನಿಲ್ಲಿಸಿದರು, ಕಾರಣ ಕೇಳಿದರೆ “ಈಗ ಗೊತ್ತಾಗುತ್ತೆ ಬಿಡಿ, ನೋಡೋದೇ ಬೇಡ” ಎಂದರು. ಅವರ ತೋಟದ ಮಣ್ಣು ಹಿಡಿದು ನೋಡಿದೆವು, ಹದವಾಗಿತ್ತು. ನೆದರ್ಲೆಂಡ್ಸಿನಲ್ಲಿ 1978ರ ಸುಮಾರಿಗೆ ಶುರುವಾದ ‘ಎಪಿಪ್ರೆ’ಗೂ ಇದೇ ಆಗಿತ್ತು. ರೈತರು ಗೋಧಿಯ ರೋಗ ಎಣಿಸಿ ಅಂಚೆಯಲ್ಲಿ ಕಳಿಸುತ್ತಿದ್ದರು, ಕೇಂದ್ರದ ಕಂಪ್ಯೂಟರ್ ಸಲಹೆ ಮರಳಿಸುತ್ತಿತ್ತು. ಕೆಲವು ವರ್ಷದಲ್ಲಿ ಎಣಿಸುವುದನ್ನೂ ತೀರ್ಮಾನಿಸುವುದನ್ನೂ ಕಲಿತ ರೈತರು ಬಿಟ್ಟು ಹೋದರು. ನಮಗೆ ಹಣ ಕೊಡುವವರ ವರದಿಯ ನಮೂನೆಯಲ್ಲಿ ಇದಕ್ಕೊಂದು ಕಾಲಂ ಇಲ್ಲ. ‘ಬಳಕೆ ನಿಲ್ಲಿಸಿದವರು’ ಎಂಬಲ್ಲೇ ಬರೆಯಬೇಕಾಯಿತು. ಇನ್ನಿಬ್ಬರು ನಿಲ್ಲಿಸಿದ್ದು ಹದಿನಾರು ಡ್ರಿಪ್ಪರ್ ಅಳೆಯಲು ಬೇಸರವಾಗಿ. ಅದನ್ನು ಎಂಟಕ್ಕೆ ಇಳಿಸಬಹುದೇ ಎಂದು ನೋಡುತ್ತಿದ್ದೇವೆ.

ಬಗೆಹರಿಯದೆ ಉಳಿದದ್ದು ಒಂದೇ ಬಾವಿಗೆ ಎರಡು ತೋಟ ಇರುವ ಕಡೆ. ಆ್ಯಪ್ ಇಬ್ಬರಿಗೂ ಒಂದೇ ಸಂಜೆ ‘ನಾಳೆ ಬಿಡಿ’ ಎನ್ನುತ್ತದೆ. ಇಬ್ಬರೂ ವಾಲ್ವ್ ತೆರೆದರೆ ಒತ್ತಡ ಇಳಿದು, ಅಳೆದು ಬರೆದ ನಿಮಿಷಗಳೆಲ್ಲ ಸುಳ್ಳಾಗುತ್ತವೆ. ಸರದಿಯನ್ನು ಕೋಡಿನಲ್ಲೇ ಹಂಚಿಬಿಡೋಣ ಎಂದು ನನ್ನ ಮನಸ್ಸು. ಸಹೋದ್ಯೋಗಿ ಒಪ್ಪುತ್ತಿಲ್ಲ, ಅವರಿಬ್ಬರ ನಡುವಿನ ಮಾತಿಗೆ ನಾವು ಯಾಕೆ ಬಾಯಿ ಹಾಕಬೇಕು ಎನ್ನುತ್ತಾಳೆ. ಭಾನುವಾರಕ್ಕೆ ರಟ್ಟು ಕತ್ತರಿಸಿಟ್ಟಿದ್ದೇವೆ. ಈ ಸಲ ಎರಡು ಫೋನು, ನಡುವೆ ಒಂದು ಬಾವಿ.